ನೋವಿಲ್ಲದ ಹೊಟ್ಟೆಗೆ ಮೂವತ್ತಮೂರು

ಭಾನುವಾರ. ಅಪ್ಪನ ಕೊಲೊನೋಸ್ಕೋಪಿ. ಐವತ್ತು ದಾಟಿದ ಮೇಲೆ ಈ ಸ್ಕ್ರೀನಿಂಗ್ ಆಗಲೇಬೇಕೆಂದು ಪೀಡಿಸಿ ಕಳಿಸಿದವಳು ನಾನೇ. ಮಧ್ಯಾಹ್ನ ಡಾಕ್ಟರ್ ಹೊರಗೆ ಬಂದರು.

"ಕರುಳಲ್ಲಿ ಒಂದು ಪಾಲಿಪ್ ಇತ್ತು, ಸಣ್ಣ ಗಂಟು. ತೆಗೆದು ಬಯಾಪ್ಸಿಗೆ ಕಳಿಸಿದ್ದೇವೆ. ತಿಂಗಳಿಂದ ನೋವೂ ಇದೆಯಲ್ಲ, ಸಿ.ಟಿ. ಸ್ಕ್ಯಾನ್ ಮಾಡಿಸೋಣ."

ನೋವು?

ಸೌದಿಯ ಥುಕ್ಬಾದಲ್ಲಿರುವ ನಮ್ಮ ಮನೆಯಲ್ಲೇ ಕೂತು ಅಮೆರಿಕದ ಕ್ಲಿನಿಕ್‌ಗಳ ಬಿಲ್ಲುಗಳಿಗೆ ಕೋಡ್ ಹಾಕುವುದು ನನ್ನ ಕೆಲಸ. ಏನೂ ತೊಂದರೆ ಇಲ್ಲದವರು ಮುಂಜಾಗ್ರತೆಗೆ ಬಂದರೆ ಕೋಡಿನ ಕೊನೆಗೆ 33 ಎಂಬ ಮಾಡಿಫಯರ್ ಸೇರಿಸುತ್ತೇವೆ. ಒಳಗೆ ಪಾಲಿಪ್ ಸಿಕ್ಕಿ ತೆಗೆದರೂ 33 ಉಳಿಯುತ್ತದೆ, ಏಕೆಂದರೆ ಅವರು ಬಂದದ್ದು ತಪಾಸಣೆಗೆ. ನೋವೆಂದು ಬಂದವರಿಗೆ ಅದನ್ನು ಹಾಕುವಂತಿಲ್ಲ. ಅವರು ಬಂದದ್ದೇ ರೋಗಿಯಾಗಿ. ದಿನವೂ ಬೇರೆಯವರ ಫೈಲಿನಲ್ಲಿ ಹುಡುಕುವ 'ನೋವು' ಎಂಬ ಆ ಒಂದು ಪದ ಈಗ ಅಪ್ಪನ ಫೈಲಿನಲ್ಲಿತ್ತು. ನಮಗೆ ಹೇಳದೆ ಸಹಿಸಿಕೊಂಡಿದ್ದರೇ? ತಡವಾಯಿತೇ?

ಅಪ್ಪನಿಗೆ ಮಂಪರು ಇಳಿಯುವವರೆಗೆ ಕಾದೆ.

"ಅಪ್ಪ, ನೋವು ಯಾವಾಗಿಂದ?"

"ಎಂತ ನೋವು?"

"ಡಾಕ್ಟರಿಗೆ ಹೇಳಿದ್ದೀರಂತೆ."

ಅಪ್ಪ ಕಿಟಕಿಯತ್ತ ತಿರುಗಿದರು. "ಅದಾ? ಎಂತ ತೊಂದರೆ ಅಂತ ಕೇಳಿದ್ರು. ಏನೂ ಇಲ್ಲ, ಸುಮ್ಮನೆ ಒಳಗೆ ನೋಡಿ ಅಂತ ಹೇಗೆ ಹೇಳುದು ಮಾರಾಯ್ತಿ? ಅಷ್ಟು ದೊಡ್ಡ ಡಾಕ್ಟರು!"

"ಮರ್ಯಾದೆಗೆ ಹೊಟ್ಟೆನೋವು ತರಿಸಿಕೊಂಡವರು ಇವರೊಬ್ಬರೇ," ಎಂದರು ಮಂಚದ ಪಕ್ಕ ಕೂತಿದ್ದ ಅಮ್ಮ.

ನಗುತ್ತಲೇ ಕಣ್ಣು ಒರೆಸಿಕೊಂಡೆ. ಡಾಕ್ಟರಿಗೆ ವಿಷಯ ತಿಳಿಸಿದೆ. ಅವರು ಅಪ್ಪನ ಹೊಟ್ಟೆಯನ್ನು ಮತ್ತೊಮ್ಮೆ ಒತ್ತಿ ನೋಡಿದರು, ಫೈಲು ತಿದ್ದಿದರು, ಸ್ಕ್ಯಾನ್ ಬೇಡವೆಂದರು.

ಬಯಾಪ್ಸಿ ಬಾಕಿ ಇತ್ತು. ಅಪ್ಪ ಎಂದಿನಂತೆ ದಹ್ರಾನಿನ ಕಂಪನಿ ಬಸ್ ಹತ್ತಿದರು. ನಾನು ಕೋಡ್ ಹಾಕುತ್ತ ಕೂತೆ. ಪ್ರತಿ 33ರ ಹಿಂದೆಯೂ ಯಾರದೋ ಮನೆಯವರು ಹೀಗೆ ಫೋನನ್ನೇ ನೋಡುತ್ತ ಕಾದಿರುತ್ತಾರೆ ಎಂಬುದು ಇಷ್ಟು ದಿನ ನನಗೆ ಹೊಳೆದಿರಲಿಲ್ಲ.

ಗುರುವಾರ ಕರೆ ಬಂತು.

ಕ್ಯಾನ್ಸರ್ ಅಲ್ಲ.

ಬಿಟ್ಟಿದ್ದರೆ ಮುಂದೆ ಆಗಬಹುದಾದ ಜಾತಿಯದು, ಆದರೆ ಪೂರ್ತಿ ತೆಗೆದಾಗಿದೆ. ಕೆಲವು ವರ್ಷಗಳ ನಂತರ ಮತ್ತೆ ನೋಡಬೇಕು. ಅಷ್ಟು ಭಯ ಉಳಿದಿದೆ. ಅಷ್ಟನ್ನು ಇಟ್ಟುಕೊಂಡು ಬದುಕಬಹುದು.

ವರದಿ ತರಲು ಮೂವರೂ ಹೋದೆವು. ರಿಸೆಪ್ಷನ್ನಿನ ಹುಡುಗಿ ಹಿಂದಿಯಲ್ಲಿ, ಏನು ತೊಂದರೆ ಎಂದು ಕೇಳಿದಳು. ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಬೆನ್ನು ನೇರ ಮಾಡಿ, ಇಡೀ ಹಾಲಿಗೆ ಕೇಳುವಂತೆ ಹೇಳಿದರು:

"ಕುಛ್ ನಹೀ!"