ಅರ್ಧಕ್ಕೆ ನಿಂತ ನೇಯ್ಗೆ

“ಆಂಟಿ, ನೇಯ್ದಿದ್ದು ಬಿಚ್ಚಿಹೋಗ್ದೇ ಇರೋ ಹಾಗೆ ಇದ್ರಿಂದ ತೆಗೆಯೋದು ಹೇಗೆ? ಅಂಕಲ್ ಅದನ್ನ ಹೇಳ್ಕೊಡ್ಲೇ ಇಲ್ಲ,” ಎಂದು ಪುಟ್ಟ ಹುಡುಗಿಯೊಬ್ಬಳು ನೂಲು ಸುತ್ತಿದ್ದ ಮರದ ಚೌಕಟ್ಟನ್ನು ನನ್ನ ಮುಂದೆ ಹಿಡಿದಳು.

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ನಾವು ಕೆಲವು ಕುಟುಂಬದವರು ಶನಿವಾರ ಬಸವೇಶ್ವರನಗರದ ಪಾರ್ಕಿನಲ್ಲಿ ಸೇರುತ್ತೇವೆ. ತಾವು ಬಲ್ಲದ್ದನ್ನು ಒಬ್ಬೊಬ್ಬ ಪೋಷಕರು ಎಲ್ಲ ಮಕ್ಕಳಿಗೂ ಕಲಿಸುತ್ತಾರೆ. ಬಿನ್ನಿಪೇಟೆಯಲ್ಲಿ ಮಿಲ್ ಕೆಲಸದಲ್ಲಿದ್ದ ತಂದೆಯಿಂದ ಕಲಿತ ನೇಯ್ಗೆಯನ್ನು ನಮ್ಮ ಯಜಮಾನರು ಕಲಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾವು ಅಲ್ಲಿಗೆ ಹೋಗಿದ್ದು ಅಂದೇ ಮೊದಲು.

ನಾನು ಮಗಳ ಮುಖ ನೋಡಿದೆ.

“ನಂಗೂ ಗೊತ್ತಿಲ್ಲ ಕಣೇ,” ಎಂದಳು ಅವಳು. “ಅಪ್ಪ ಮನೇಲೇ ಇರ್ತಾರಲ್ಲ, ಯಾವಾಗ ಬೇಕಾದ್ರೂ ಕಲೀಬೋದು ಅಂದ್ಕೊಂಡಿದ್ದೆ.”

ಮನೆಯಲ್ಲೇ ಕಲಿಸಿದರೆ ಯಾವುದಕ್ಕೂ ಅವಸರವಿಲ್ಲ ಎಂದು ನಾನೂ ಯಜಮಾನರೂ ಕೇಳಿದವರಿಗೆಲ್ಲ ಹೇಳುತ್ತಿದ್ದೆವು. ಈಗ ಯಾರಾದರೂ ಕೇಳಿದರೆ ಆ ಮಾತು ಬಾಯಿಗೆ ಬರುವುದಿಲ್ಲ.