ಕಾಯಿನೀರು ಕುಡಿದ ಗೇಟು

ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯ ಕಬ್ಬಿಣದ ಗೇಟಿನಲ್ಲಿ ಬೆಸುಗೆ ಎಲ್ಲೂ ಇಲ್ಲ. ಬ್ರಿಟಿಷರ ಕಾಲದ ಕಮ್ಮಾರರು ಕಾಯಿಸಿ, ಬಡಿದು, ಸುರುಳಿ ಸುತ್ತಿ ಜೋಡಿಸಿದ್ದು. ಈಗ ಅದು ಪಾರಂಪರಿಕ ರಕ್ಷಣೆಯಲ್ಲಿದೆ. ಅನುಮತಿಯಿಲ್ಲದೆ ಕಳಚುವಂತಿಲ್ಲ, ದುರಸ್ತಿ ಮಾಡುವಂತಿಲ್ಲ. ಎರಡು ಬಾಗಿಲುಗಳ ಭಾರವೂ ಒಂದೊಂದು ಕಬ್ಬಿಣದ ಗೂಟದ ಮೇಲೆ. ಗೂಟದ ತುದಿ ನೆಲದ ಕಲ್ಲಿನ ಕುಳಿಯಲ್ಲಿ ತಿರುಗುತ್ತದೆ.

ಕುರುಗೋಡಿನಿಂದ ಈ ಮನೆಗೆ ಸೊಸೆಯಾಗಿ ಬಂದ ದೊಡ್ಡಮ್ಮ ಪ್ರತಿ ಅಮಾವಾಸ್ಯೆ ಎಡಗಡೆಯ ಕಲ್ಲಿನ ಮೇಲೆ ತೆಂಗಿನಕಾಯಿ ಒಡೆಯುತ್ತಿದ್ದರು. ನೀರು ಕುಳಿಗೇ ಇಳಿಯಬೇಕು, ಹೊರಗೆ ಹರಿದರೆ ಮನೆಗೆ ಒಳ್ಳೆಯದಲ್ಲ ಎಂದು ಅವರ ಅತ್ತೆ ಕಲಿಸಿದ್ದರಂತೆ.

ಈ ಬೇಸಿಗೆಯಲ್ಲಿ ಎಡಬಾಗಿಲು ಕಿರುಗುಟ್ಟುವುದನ್ನು ನಿಲ್ಲಿಸಿತು. ಮನೆಯವರಿಗೆ ಖುಷಿ. ವಾಸ್ತುಶಿಲ್ಪ ಓದಿದ ನನಗೆ ಆ ಮೌನ ಹಿಡಿಸಲಿಲ್ಲ. ಕಲ್ಲಿಗೆ ಕಬ್ಬಿಣ ಉಜ್ಜುತ್ತಿಲ್ಲವೆಂದರೆ ಮತ್ತೇನು ಉಜ್ಜುತ್ತಿದೆ? ಕಲ್ಲಿನ ಮೇಲಿನ ಪೂಜೆಯ ಕುಂಕುಮ ಕೆದಕಿ ಗೂಟದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಅದು ಗೂಟದೊಳಕ್ಕೇ ಹೋಯಿತು. ಹೊರಬಂದದ್ದು ತುಕ್ಕಿನ ಒದ್ದೆ ಕೆಂಪು ಪುಡಿ, ಹುಳಿತ ಕಾಯಿನೀರಿನ ವಾಸನೆ.

ದೊಡ್ಡಮ್ಮ ಬೆಳಿಗ್ಗೆ ಹಾಲಿಗೆಂದು ತೆರೆಯುವುದು ಅದೇ ಬಾಗಿಲನ್ನು.

“ಇದು ನಿಮ್ಮ ಮ್ಯಾಲೆ ಬೀಳ್ತೈತಿ ದೊಡ್ಡಮ್ಮ. ಬಲಗಡೀದು ತೆಗೀರಿ. ಕಾಯಿ ಬ್ಯಾರೆ ಕಡೆ ಒಡೀರಿ.”

“ನನ್ ಮ್ಯಾಲೆ ಯಾಕ ಬೀಳ್ತೈತ್ಲೇ? ಇಷ್ಟು ವರ್ಷ ಕಾಯಿನೀರು ಕುಡಿಸೀನಿ, ಅದಕ್ಕ ನನ್ನ ಗುರ್ತು ಐತಿ. ಬರೇ ಫೋಟೊ ಹಿಡಿಯಾಕಿ ನೀನು, ನೀ ದೂರ ನಿಂದ್ರು!”

ಆ ಫೋಟೊಗಳನ್ನೇ ದುರಸ್ತಿಗೆ ಅನುಮತಿ ಕೊಡುವ ಪಾರಂಪರಿಕ ಕಚೇರಿಗೆ ಕಳಿಸಿದೆ. ತಜ್ಞರು ಬಂದು ನೋಡುವವರೆಗೆ ಮುಟ್ಟಬೇಡಿ ಎಂಬ ಉತ್ತರ ಬಂತು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ಸೋದರಮಾವನಿಂದ ಒಂದು ಮರದ ದಿಮ್ಮಿ ತರಿಸಿ ಬಾಗಿಲಿನ ಕೆಳಗೆ ತುರುಕಿದೆ. ಅಷ್ಟೇ ನನ್ನಿಂದ ಸಾಧ್ಯವಾದದ್ದು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ದೊಡ್ಡಮ್ಮ ಬಗ್ಗಿ ಕಾಯಿ ಒಡೆದರು. ಕಲ್ಲಿನೊಳಗೆ ಏನೋ ಮುರಿದ ಸದ್ದು. ಬಾಗಿಲು ನಿಧಾನವಾಗಿ, ವಯಸ್ಸಾದವರು ಕೂರುವಂತೆ, ದಿಮ್ಮಿಯ ಮೇಲೆ ಕುಸಿಯಿತು. ಮೇಲಿನ ಈಟಿಮೊನೆಗಳು ಅವರ ಬೆನ್ನಿನತ್ತ ವಾಲಿದವು. ತೋಳು ಹಿಡಿದು ಎಳೆದೆ. ಅವರ ಕೈಯಲ್ಲಿ ಅರ್ಧ ಹೋಳು ಹಾಗೇ ಇತ್ತು.

“ದಣಿದಿತ್ತು, ಕುಂತೈತಿ,” ಎಂದರು.

ಎಡಬಾಗಿಲನ್ನು ಹಗ್ಗದಿಂದ ಕಂಬಕ್ಕೆ ಬಿಗಿದಿದ್ದೇವೆ. ತಜ್ಞರು ಇನ್ನೂ ಬಂದಿಲ್ಲ. ದೊಡ್ಡಮ್ಮ ಈಗ ಆ ಕಡೆ ಹೆಜ್ಜೆ ಇಡುವುದಿಲ್ಲ. ಕಳೆದ ಅಮಾವಾಸ್ಯೆ ಬಲಗಡೆಯ ಕಲ್ಲಿಗೆ ಅರಿಶಿನ ಹಚ್ಚಿ, ಕಾಯಿ ಒಡೆದು, ನೀರು ಕುಳಿಗೆ ಇಳಿಯುವವರೆಗೆ ಕಾದು ನಿಂತರು. ನಾನು ತಡೆಯಲು ಓಡಿದೆ.

“ಬ್ಯಾರೆ ಕಡೆ ಅಂತ ನೀನ ಹೇಳಿದ್ದೆಲ್ಲೇ!”

ಬಲಬಾಗಿಲು ಇನ್ನೂ ಕಿರುಗುಟ್ಟುತ್ತದೆ. ದಿನಾ ಬೆಳಿಗ್ಗೆ ಅವರು ಹಾಲಿಗೆ ಹೊರಟಾಗ ಹಾಸಿಗೆಯಲ್ಲೇ ಉಸಿರು ಹಿಡಿದು ಕೇಳಿಸಿಕೊಳ್ಳುತ್ತೇನೆ.