ಬೋರಪ್ಪನು ಮೂರಂಗುಲ ಬೆಳೆದ ವರ್ಷ

ಹಿಂದೂಪುರದ ನೇಕಾರರ ಬೀದಿಯಲ್ಲಿ ಹುಟ್ಟಿ, ಬೆಂಗಳೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕ ಪದವಿಗೇರಿದ ಡಾಕ್ಟರ್ ಕೇಶವಯ್ಯನವರಿಗೆ ಪರಮಾತ್ಮನು ಎರಡು ವರಗಳನ್ನೂ ಒಂದು ಕೊರತೆಯನ್ನೂ ಕರುಣಿಸಿದ್ದನು. ಒಮ್ಮೆ ಕೇಳಿದ ಮಾತನ್ನು ಅವರು ಮರೆಯುತ್ತಿರಲಿಲ್ಲ. ಎಂಥ ಮಾತನ್ನು ಕೇಳಿದರೂ ಬೆರಗಾಗುತ್ತಿರಲಿಲ್ಲ. ಆದರೆ ಮನುಷ್ಯರ ಮುಖಗಳು ಮಾತ್ರ ಅವರ ನೆನಪಿನಲ್ಲಿ ನಿಲ್ಲದೆ ತಾವರೆಯೆಲೆಯ ಮೇಲಿನ ನೀರಿನಂತೆ ಜಾರಿಹೋಗುತ್ತಿದ್ದವು. ಒಮ್ಮೆ ಹಿಂದೂಪುರದ ರೈಲು ನಿಲ್ದಾಣದಲ್ಲಿ, ತಮ್ಮನ್ನು ಕರೆದೊಯ್ಯಲು ಬಂದಿದ್ದ ಒಡಹುಟ್ಟಿದ ಅಣ್ಣನನ್ನೇ ಬೆಂಚಿನ ಮೇಲೆ ಕೂರಿಸಿ, "ನಿದ್ದೆ ಸರಿಯಾಗಿ ಬರ್ತದಾ? ಎಷ್ಟು ದಿನದಿಂದ ಹೀಗಿದೆ?" ಎಂದು ಮೃದುವಾಗಿ ವಿಚಾರಿಸಿದರು. ಮಗ್ಗ ಬಿಟ್ಟು ಬಂದ ಸಿಟ್ಟಿನಲ್ಲಿದ್ದ ಅಣ್ಣ ಶಂಕರಯ್ಯನವರು, "ನೀನ್ ಹುಟ್ಟಿದ ದಿನದಿಂದ ಕಣಪ್ಪ! ನಡಿ, ಅನ್ನ ಆರ್ತಾ ಐತೆ" ಎಂದರು.

ಬೆರಗಾಗದಿರುವುದೇ ಮನೋವೈದ್ಯನ ಮೊದಲನೆಯ ವ್ರತವೆಂಬುದು ಅವರ ಬೋಧನೆಯ ಮೂಲಸೂತ್ರವಾಗಿತ್ತು. ರೋಗಿಯು ತನ್ನ ತಲೆಯೊಳಗೆ ಆಕಾಶವಾಣಿ ಕೇಂದ್ರವಿದೆಯೆಂದರೂ ವೈದ್ಯನ ಹುಬ್ಬು ಏರಕೂಡದು. ಏರಿತೋ, ಆ ಬಡಜೀವವು ತನ್ನ ಬಾಗಿಲನ್ನು ಮುಚ್ಚಿಕೊಂಡುಬಿಡುತ್ತದೆ. ಈ ವ್ರತವನ್ನು ಶಿಷ್ಯರಲ್ಲಿ ಊರಿಸುವುದಕ್ಕಾಗಿ ಅವರು ಪಾಠದ ನಡುವೆ ಗಂಭೀರವದನರಾಗಿ, "ಈ ಕೊಡೆ ನನ್ನ ಸೋದರತ್ತೆ" ಎಂದು ಸಾರುವರು. ಯಾರ ಹುಬ್ಬು ಅಲುಗಿತೋ ಅವರು ತರಗತಿಗೆಲ್ಲ ಕಾಫಿ ತರಿಸಬೇಕು. ಈ ಶಿಕ್ಷಣವು ಎಷ್ಟು ಫಲಿಸಿತೆಂದರೆ, ಒಂದು ದಿನ ಕೋತಿಯೊಂದು ಕಿಟಕಿಯಿಂದ ಬಂದು ಪ್ರಾಧ್ಯಾಪಕರ ಕನ್ನಡಕವನ್ನು ಕಿತ್ತುಕೊಂಡು, ತಾನೇ ಧರಿಸಿ, ಮೇಜಿನ ಮೇಲೆ ಕುಳಿತಾಗ ಇಪ್ಪತ್ತೆರಡು ಮಂದಿ ಶಿಷ್ಯರಲ್ಲಿ ಒಬ್ಬರೂ ತುಟಿಪಿಟಕ್ಕೆನ್ನದೆ ಟಿಪ್ಪಣಿ ಬರೆದುಕೊಂಡರು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಕೇಶವಯ್ಯನವರು ತಮ್ಮ ಜೀವಮಾನದ ಸಂಶೋಧನೆಯನ್ನು ಕೈಗೊಂಡರು. ಇಲ್ಲದ ದನಿಗಳನ್ನು ಕೇಳುವ, ಇಲ್ಲದ ಹಗೆಗಳನ್ನು ನಂಬುವ ಚಿತ್ತಭ್ರಮೆಗೆ ಸಿಲುಕಿದವರು ಚಿಕಿತ್ಸೆ ಪಡೆದು ಹನ್ನೆರಡು ವರ್ಷಗಳಾದ ಮೇಲೆ ಏನಾಗಿರುತ್ತಾರೆ? ಇದಕ್ಕೆ ಪುಸ್ತಕಗಳಲ್ಲಿದ್ದ ಉತ್ತರವೆಲ್ಲ ಪರದೇಶದ ಆಸ್ಪತ್ರೆಗಳದು. ನಮ್ಮ ಸೀಮೆಯ ಉತ್ತರವನ್ನು ತಿಳಿಯಬೇಕೆಂದು ಅವರು ಪ್ರತಿ ತಿಂಗಳ ಮೊದಲ ಶನಿವಾರ ಮೂವರು ಶಿಷ್ಯರೊಡನೆ ಹಿಂದೂಪುರದಿಂದ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋಗಿ, ಅಲ್ಲಿನ ಛತ್ರವೊಂದರ ಕೋಣೆಯಲ್ಲಿ ಚಿಕಿತ್ಸಾಲಯವನ್ನು ನಡೆಸತೊಡಗಿದರು. ನಲವತ್ತು ಮಂದಿ ರೋಗಿಗಳ ಹೆಸರು ದಾಖಲೆಯ ಪುಸ್ತಕಕ್ಕೆ ಏರಿತು. ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ, ನವೆಂಬರಿನ ಶನಿವಾರದಂದು, ಎಂಬತ್ತು ಪ್ರಶ್ನೆಗಳಿಗೆ ಉತ್ತರಿಸಿ, ಎತ್ತರವನ್ನೂ ತೂಕವನ್ನೂ ಅಳೆಸಿಕೊಂಡು ಹೋಗಬೇಕು. ಎತ್ತರವೇಕೆಂದು ಯಾರೂ ಕೇಳಲಿಲ್ಲ. ನೇಕಾರನ ಮಗನ ಕೈಯಲ್ಲಿ ಅಳತೆಗೋಲಿದ್ದರೆ ಅದು ಸುಮ್ಮನಿರುವುದಾದರೂ ಹೇಗೆ?

ಪುಸ್ತಕದ ಮೊದಲನೆಯ ಹೆಸರು ಕುಂದುರ್ಪಿಯ ಕಡೆಯ ಬೋರಪ್ಪನದು. ಹೊಲದ ಕಡಲೆಕಾಯಿ ಗಿಡಗಳೆಲ್ಲ ತನ್ನ ನಡತೆಯ ಬಗ್ಗೆ ಗುಸುಗುಸು ಮಾತಾಡುತ್ತವೆಂದು ಆತನು ಹೊಲಕ್ಕೆ ಕಾಲಿಡುವುದನ್ನೇ ಬಿಟ್ಟಿದ್ದನು. ಒಂದು ವರ್ಷದ ಔಷಧದಿಂದ ಗಿಡಗಳು ಬಾಯಿ ಮುಚ್ಚಿದವು. ಹನ್ನೆರಡು ವರ್ಷ ತುಂಬುವವರೆಗೆ ತಪ್ಪದೆ ಬರಬೇಕೆಂದು ಡಾಕ್ಟರು ಕೇಳಿಕೊಂಡಾಗ, ಬೋರಪ್ಪನ ಹೆಂಡತಿ ಚೌಡಕ್ಕನು ಕೈಮುಗಿದು ಮಾತು ಕೊಟ್ಟಳು: "ನೀವು ನಮ್ಮನೆ ದೀಪ ಉಳಿಸಿದ್ದೀರಿ ಸಾಮಿ. ಮಳೆಯಾಗ್ಲಿ ಬಿಸಿಲಾಗ್ಲಿ, ನಮ್ಮನೇಲಿಂದ ಒಬ್ಬಾಳು ಬಂದೇ ಬತ್ತದೆ."

ಬಂದೇ ಬಂದಿತು. ನಲವತ್ತರಲ್ಲಿ ನಲವತ್ತೂ ಪ್ರತಿ ವರ್ಷ ಬಂದವು. ಜಗತ್ತಿನ ಯಾವ ಸಂಶೋಧಕನಿಗೂ ದೊರೆಯದ ಈ ಭಾಗ್ಯಕ್ಕಾಗಿ ಕೇಶವಯ್ಯನವರು ಕುಲದೇವತೆ ಚೌಡೇಶ್ವರಿಗೆ ದಿನವೂ ಕೈಮುಗಿದರು. ಎಂಬತ್ತಾರರಲ್ಲಿ ಅಳತೆಗೋಲಿನ ಮುಂದೆ ನಿಂತ ಬೋರಪ್ಪನು ಹಿಂದಿನ ವರ್ಷಕ್ಕಿಂತ ಮೂರಂಗುಲ ಬೆಳೆದಿದ್ದನು. ಡಾಕ್ಟರ ಹುಬ್ಬು ಏರಲಿಲ್ಲ, ಆದರೆ ಹೃದಯವು ಏರಿತು. ಚಿತ್ತವು ನೇರವಾದರೆ ಬೆನ್ನೂ ನೇರವಾಗುವುದೆಂಬ ಸಿದ್ಧಾಂತವು ಅವರಿಗೆ ಹೊಳೆದು, "ಚಿತ್ತಸ್ವಾಸ್ಥ್ಯವೂ ದೇಹೋನ್ನತಿಯೂ" ಎಂಬ ಲೇಖನವನ್ನು ಆರಂಭಿಸಿದರು. ಮರುವರ್ಷ ಬೋರಪ್ಪನು ಏಳಂಗುಲ ಕುಗ್ಗಿದ್ದರಿಂದ ಲೇಖನಕ್ಕೆ ಎರಡನೆಯ ಭಾಗವು ಅವಶ್ಯವಾಯಿತು. ಎಂಬತ್ತೊಂಬತ್ತರಲ್ಲಿ ಬೋರಪ್ಪನು ಸೀರೆಯುಟ್ಟು ಬಂದನು. ಆತನ ಮನಸ್ಸಿಗೆ ನೋವಾಗಬಾರದೆಂದು ಡಾಕ್ಟರು ಆ ವಿಷಯವನ್ನೇ ಎತ್ತದೆ ಎಂಬತ್ತು ಪ್ರಶ್ನೆಗಳನ್ನೂ ಕೇಳಿ, ಹಿಂದಿನ ಕಾಯಿಲೆಗಳ ಅಂಕಣದಲ್ಲಿ "ಮೂರು ಹೆರಿಗೆ, ಮೂರೂ ಸುಸೂತ್ರ" ಎಂದು ಬರೆದರು.

ಹೀಗೆ ತೊಂಬತ್ತೊಂದನೆಯ ಇಸವಿ, ಹನ್ನೆರಡನೆಯ ವರ್ಷ, ಬಂದೊದಗಿತು. ಹೈದರಾಬಾದಿನ ಆರೋಗ್ಯ ಇಲಾಖೆಯಿಂದ ಒಂದು ಪತ್ರವೂ ಬಂದಿತು: ಹಿರಿಯ ಪರೀಕ್ಷಕರೊಬ್ಬರು ನವೆಂಬರಿನ ಆ ಶನಿವಾರ ಛತ್ರಕ್ಕೆ ಬರುವರು, ಪುಸ್ತಕದ ಮೊದಲನೆಯ ರೋಗಿಯನ್ನು ತಾವೇ ಕಂಡು ಮಾತಾಡಿಸುವರು, ಕೆಲಸವು ಸರಿಯೆಂದು ತೋರಿದರೆ ಕಲ್ಯಾಣದುರ್ಗದ ಚಿಕಿತ್ಸಾಲಯವು ಸ್ಥಿರವಾಗುವುದು, ಇಲ್ಲವಾದರೆ ಮುಚ್ಚುವುದು. ಮುಚ್ಚಿದರೆ ಕುಂದುರ್ಪಿಯ ರೋಗಿಯು ಬೆಂಗಳೂರಿಗೆ ಹೋಗಬೇಕು. ಹೋಗಬೇಕಾದವರಲ್ಲಿ ಹೋಗುವವರು ಯಾರೂ ಇರಲಾರರೆಂಬುದನ್ನು ಕೇಶವಯ್ಯನವರು ಬಲ್ಲರು.

ಗುರುವಾರ ಮಧ್ಯಾಹ್ನ ಹಿಂದೂಪುರದ ಮನೆಯಲ್ಲಿ, ಶಿಷ್ಯೆ ಬನಶಂಕರಿಯು ಹನ್ನೆರಡು ವರ್ಷದ ದಾಖಲೆಗಳನ್ನು ಒಂದೇ ಹಾಳೆಗೆ ಇಳಿಸುತ್ತಿದ್ದಳು. ಆಕೆ ಗುರುಗಳ ಅಚ್ಚುಮೆಚ್ಚಿನ ವಿದ್ಯಾರ್ಥಿನಿ. ಕೋತಿಯ ದಿನದಂದು ಅತ್ಯುತ್ತಮ ಟಿಪ್ಪಣಿ ಬರೆದವಳು. ಆಕೆಯ ಲೇಖನಿಯು ತಟ್ಟನೆ ನಿಂತಿತು.

"ಸರ್, ನಂಬರ್ ಒಂದು ಬೋರಪ್ಪ. ಐದಡಿ ಮೂರಂಗುಲ. ಆಮೇಲೆ ಐದಡಿ ಆರು. ಆಮೇಲೆ ನಾಲ್ಕಡಿ ಹನ್ನೊಂದು."

"ಹೌದಮ್ಮ. ಏರಿಳಿತ."

"ಎಂಬತ್ತೊಂಬತ್ತರಲ್ಲಿ ಮೂರು ಹೆರಿಗೆ ಅಂತ ಬರೆದಿದ್ದೀರಿ."

"ಮೂರೂ ಸುಸೂತ್ರ."

ಬನಶಂಕರಿಯು ಲೇಖನಿಯನ್ನು ಕೆಳಗಿಟ್ಟು ಕೈಕಟ್ಟಿ ನಿಂತಳು. "ಸರ್, ನಾನೀಗ ಒಂದೇ ಒಂದು ಸಲ ಹುಬ್ಬು ಏರಿಸಬಹುದಾ?"

ಗುರುಗಳು ಹಾಳೆಯನ್ನು ಕೈಗೆತ್ತಿಕೊಂಡು ಮೂರು ಅಳತೆಗಳನ್ನೂ ಮತ್ತೊಮ್ಮೆ ಓದಿದರು. ಆಮೇಲೆ ಅವರ ಮುಖವು ಬಿಳಿಚಿಕೊಂಡಿತು. "ಏರಿಸಮ್ಮ," ಎಂದು ಮೆಲ್ಲನೆ ನುಡಿದರು. "ನನ್ನದೂ ಏರ್ತಾ ಇದೆ."

ಶುಕ್ರವಾರ ಮುಂಜಾನೆಯ ಬಸ್ಸಿನಲ್ಲಿ ಗುರುಶಿಷ್ಯರಿಬ್ಬರೂ ಕುಂದುರ್ಪಿಯ ಕಡೆಗೆ ಹೊರಟು, ಕೇಳಿಕೊಂಡು ಬೋರಪ್ಪನ ಮನೆಯನ್ನು ಸೇರಿದರು. ಅಂಗಳದಲ್ಲಿ ಕಡಲೆಕಾಯಿ ಹರವುತ್ತಿದ್ದ ಚೌಡಕ್ಕನು ಸೆರಗು ಸರಿಮಾಡಿಕೊಂಡು ಎದ್ದಳು.

"ಏನ್ ಸಾಮಿ, ನೀವೇ ಬಂದ್ಬುಟ್ರಿ! ನಾಳೆ ಅಲ್ವಾ ನಮ್ಮ ಪಾಳಿ? ಈ ಸಲ ಈರಲಿಂಗನ್ನ ಕಳಿಸ್ತಾ ಇವ್ನಿ." ಎಂದು ಜಗಲಿಯ ಮೇಲಿದ್ದ ಉದ್ದನೆಯ ಯುವಕನನ್ನು ತೋರಿಸಿದಳು. ಆತನು ಬೋರಪ್ಪನ ಅಕ್ಕನ ಮಗ ಈರಲಿಂಗಪ್ಪ.

"ಎಂಬತ್ತಾರರಲ್ಲಿ ಬಂದದ್ದು ಇವನೇನಮ್ಮ?"

"ಹೂಂ. ಮಾರನೇ ವರ್ಷ ಅತ್ತೆಮ್ಮ ಬಂದಿದ್ದು. ಎಂಬತ್ತೊಂಬತ್ತಕ್ಕೆ ನಾನೇ ಬರಲಿಲ್ವಾ? ಹೆರಿಗೆ ವಿಚಾರ ಎಷ್ಟು ಮರ್ಯಾದೆಯಾಗಿ ಕೇಳಿದ್ರಿ! ಒಂದ್ ವರ್ಷಾನೂ ತಪ್ಪಿಸಿಲ್ಲ ಸಾಮಿ, ಒಬ್ಬಾಳು ಅಂದ್ರೆ ಒಬ್ಬಾಳು."

ಈ ಸೀಮೆಯ ಒಕ್ಕಲುಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು. ಈ ದಿನ ನಿನ್ನ ಹೊಲಕ್ಕೆ ನನ್ನ ಮನೆಯಿಂದ ಒಬ್ಬಾಳು ಬಂದರೆ, ನಾಳೆ ನನ್ನ ಹೊಲಕ್ಕೆ ನಿನ್ನ ಮನೆಯಿಂದ ಒಬ್ಬಾಳು ಬರತಕ್ಕದ್ದು. ಆಳು ಗಂಡೋ ಹೆಣ್ಣೋ, ಎತ್ತರವೋ ಗಿಡ್ಡವೋ ಎಂದು ಕೇಳುವವರಿಲ್ಲ. ಮನೆಯ ಮಾತು ಉಳಿದರೆ ಸಾಕು. ಡಾಕ್ಟರು ಮಾಡಿದ ಉಪಕಾರಕ್ಕೆ ಊರಿಗೆ ಊರೇ ಇದೇ ಧರ್ಮದಿಂದ ಮುಯ್ಯಿ ತೀರಿಸುತ್ತಿತ್ತು. ಮಗ್ಗದ ಮನೆಯಲ್ಲಿ ಬೆಳೆದ ಕೇಶವಯ್ಯನವರಿಗೆ ಇದರ ಗಂಧವಿರಲಿಲ್ಲ.

"ಚೌಡಕ್ಕ, ಬೋರಪ್ಪ ಯಾಕೆ ಬರಲಿಲ್ಲ?"

"ಅವ್ನಿಗೆಲ್ಲಿ ಪುರಸೊತ್ತು ಸಾಮಿ? ವಾಸಿಯಾಗವ್ನೆ!" ಎಂದು ಆಕೆ ಗದರಿದಳು. "ತಲೆ ಕೆಟ್ಟಿದ್ದಾಗ ಪುರಸೊತ್ತಿತ್ತು, ಬತ್ತಿದ್ದ. ಈಗ ದುಡಿಯೋ ಆಳು."

"ನಿನಗೆ ಕೊಟ್ಟ ಮಾತ್ರೆ ಏನು ಮಾಡಿದೆಯಪ್ಪ?" ಎಂದು ಡಾಕ್ಟರು ಈರಲಿಂಗಪ್ಪನನ್ನು ಕೇಳಿದರು.

"ನಮ್ಮ ಟಗರಿಗೆ ಹಾಕ್ದೆ ಸಾಮಿ. ಊರೋರ್ನೆಲ್ಲಾ ಗುದ್ತಿತ್ತು. ಈಗ ಬಾಳ ಶಾಂತ! ನಿಮ್ದು ಒಳ್ಳೆ ಕೈಗುಣ."

ಆಗ ಹೊಲದಿಂದ ಬಂದ ಬೋರಪ್ಪನು ಡಾಕ್ಟರನ್ನು ಕಂಡು ಹಿಗ್ಗಿ ಕಾಲಿಗೆರಗಿದನು. ಆದರೆ ನಾಳೆ ಛತ್ರಕ್ಕೆ ತಾನೇ ಬರಬೇಕೆಂದು ತಿಳಿದೊಡನೆ ತಲೆಯಾಡಿಸಿದನು. "ಆಗಲ್ಲ ಸಾಮಿ. ನಾಳೆ ಪೆದ್ದಪ್ಪನ ಹೊಲದಾಗೆ ಗಿಡ ಕೀಳೋದು. ನಾನು ಹೋಗ್ದಿದ್ರೆ ನನ್ನ ಹೊಲಕ್ಕೆ ಯಾವನು ಬತ್ತಾನೆ?"

"ನಾನೇ ಬತ್ತೀನಿ ಸಾಮಿ ಛತ್ರಕ್ಕೆ," ಎಂದು ಈರಲಿಂಗಪ್ಪನು ಮುಂದೆ ಬಂದನು. "ಎಂಬತ್ತು ಪ್ರಶ್ನೆಯೂ ಬಾಯ್ಪಾಠ. ಗಿಡ ಮಾತಾಡ್ತಿದ್ವು ಅನ್ನಬೇಕು, ಆಮೇಲೆ ನಿಂತ್ಬುಡ್ತು ಅನ್ನಬೇಕು. ಹೈದರಾಬಾದ್ ದೊರೆಗೆ ಏನ್ ಗೊತ್ತಾಯ್ತದೆ?"

ಹನ್ನೆರಡು ವರ್ಷಗಳ ಕೆಲಸವು ಒಂದು ಕಡೆ, ಆ ಉದ್ದನೆಯ ಯುವಕನ ಒಂದು ಸುಳ್ಳು ಇನ್ನೊಂದು ಕಡೆ. ಆಗ ಕೇಶವಯ್ಯನವರಿಗೆ ಮಗ್ಗದ ಕುಣಿಯಲ್ಲಿ ಕುಳಿತ ತಂದೆಯವರ ಮಾತು ನೆನಪಾಯಿತು: ಹರಿದ ಎಳೆಯನ್ನು ಮಡಿಕೆಯಲ್ಲಿ ಮುಚ್ಚಿದರೆ, ಮೊದಲ ಒಗೆತಕ್ಕೆ ಸೀರೆ ಬಾಯಿ ಬಿಡುತ್ತದೆ.

"ಬೇಡ. ಬೋರಪ್ಪ ಛತ್ರಕ್ಕೆ ಹೋಗಲಿ. ಅವನ ಬದಲು ಹೊಲಕ್ಕೆ ನಾನು ಬರುತ್ತೇನೆ. ಛತ್ರದಲ್ಲಿ ನನ್ನ ಬದಲು ಬನಶಂಕರಿ ಇರುತ್ತಾಳೆ. ಅಲ್ಲಿ ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಮ್ಮ."

ಚೌಡಕ್ಕನು ಸಂತೆಯಲ್ಲಿ ಎತ್ತನ್ನು ನೋಡುವಂತೆ ಪ್ರಾಧ್ಯಾಪಕರನ್ನು ಸುತ್ತು ಹಾಕಿ, ಅಂಗೈ ಮುಟ್ಟಿ ನೋಡಿದಳು. "ಅಯ್ಯೋ, ಬೆಣ್ಣೆ! ಸರಿ ಬಿಡಿ, ಅರ್ಧಾಳು ಅಂತ ಇಟ್ಕಂತೀವಿ."

ಶನಿವಾರ ಛತ್ರದಲ್ಲಿ ಬನಶಂಕರಿಯು ಸರದಿಯಲ್ಲಿ ನಿಂತವರಿಗೆ ಎಂಬತ್ತು ಪ್ರಶ್ನೆಗಳಿಗೂ ಮೊದಲು ಹೊಸದೊಂದನ್ನು ಕೇಳಿದಳು: "ಈ ಹೆಸರಿನವರು ನೀವೇನಾ? ಅಲ್ಲದಿದ್ದರೆ ಅವರೆಲ್ಲಿ?" ನಲವತ್ತರಲ್ಲಿ ಹತ್ತೊಂಬತ್ತು ಮಂದಿ ಮುಯ್ಯಾಳುಗಳು. ಅವರು ಯಾರಿಗಾಗಿ ಬಂದಿದ್ದರೋ ಆ ರೋಗಿಗಳಲ್ಲಿ ಹದಿನೈದು ಮಂದಿ ಗಿಡ ಕೀಳುವ, ಕುರಿ ಮೇಯಿಸುವ, ಮಗ್ಗ ನೇಯುವ ಕೆಲಸದಲ್ಲಿದ್ದರು. ಮೂವರು ಮತ್ತೆ ಭ್ರಮೆಗೆ ಬಿದ್ದು ಮನೆಯ ಮೂಲೆಯಲ್ಲಿದ್ದರು. ಅವರ ಹೆಸರಿನಲ್ಲಿ ಆರೋಗ್ಯವಂತರು ಬಂದು ಹೋಗುತ್ತಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ಒಬ್ಬಳು ಮೂರು ವರ್ಷಗಳ ಹಿಂದೆಯೇ ತೀರಿಕೊಂಡಿದ್ದಳು. ಆಕೆಯ ಬದಲು ಬಂದ ತಂಗಿ ಕಣ್ಣೊರೆಸಿಕೊಂಡು, "ಮಾತು ಕೊಟ್ಟಿದ್ಲಲ್ಲ, ಅದಕ್ಕೇ ಬತ್ತಿದ್ದೆ" ಎಂದಳು. ಬನಶಂಕರಿಯು ಒಂದನ್ನೂ ಮುಚ್ಚದೆ ಪರೀಕ್ಷಕರ ಮುಂದಿಟ್ಟಳು.

ಪರೀಕ್ಷಕರು ಕನ್ನಡಕ ತೆಗೆದು ಬೋರಪ್ಪನ ಕಡೆ ತಿರುಗಿ, ಹಾಗಾದರೆ ಡಾಕ್ಟರೆಲ್ಲೆಂದು ತೆಲುಗಿನಲ್ಲಿ ಕೇಳಿದರು. "ಮರಿ ಮೀ ಡಾಕ್ಟರ್ ಗಾರು ಎಕ್ಕಡ?"

"ಚೇನ್ಲೋ ಉನ್ನಾರು ಸಾರ್," ಎಂದನು ಬೋರಪ್ಪ ವಿನಯದಿಂದ. "ಹೊಲದಾಗವ್ರೆ. ನನ್ನ ಬದಲು."

ತಮ್ಮ ಹುಬ್ಬುಗಳನ್ನು ಯಾವ ಗುರುವೂ ತಿದ್ದಿರದಿದ್ದ ಆ ಪರೀಕ್ಷಕರು ಅವನ್ನು ಹಣೆಯ ಮೇಲೇರಿಸಿಕೊಂಡೇ ಜೀಪು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಪೆದ್ದಪ್ಪನ ಹೊಲವನ್ನು ತಲುಪಿದರು. ಅಲ್ಲಿ ಪ್ರಾಧ್ಯಾಪಕರು ಪಂಚೆಯನ್ನು ಮೊಣಕಾಲಿಗೆ ಕಟ್ಟಿ, ಒಂದು ಗಿಡವನ್ನು ಎರಡೂ ಕೈಗಳಿಂದ ಎಳೆದು, ಬೇರು ಕಾಯಿಗಳೆಲ್ಲ ನೆಲದಲ್ಲೇ ಉಳಿಯಲು, ಬರಿಯ ಸೊಪ್ಪಿನೊಡನೆ ಹಿಂದಕ್ಕೆ ಬಿದ್ದಿದ್ದರು. "ಬುಡ ಹಿಡೀರಿ ಸಾಮಿ, ಬುಡ! ಜುಟ್ಟು ಹಿಡಿದ್ರೆ ಗಿಡ ಬತ್ತದಾ?" ಎಂದು ಚೌಡಕ್ಕನು ಸಾಲಿನಾಚೆಯಿಂದ ಕೂಗುತ್ತಿದ್ದಳು. ಅರ್ಧಾಳೆಂಬ ಬೆಲೆಯೂ ಹೆಚ್ಚಾಯಿತೆಂಬುದು ಅಲ್ಲಿದ್ದವರ ಏಕಾಭಿಪ್ರಾಯವಾಗಿತ್ತು.

ಪರೀಕ್ಷಕರನ್ನು ಕಂಡು ಡಾಕ್ಟರು ಮಣ್ಣು ಕೊಡವಿಕೊಂಡು ಎದ್ದು, "ನಮಸ್ಕಾರ. ನಿದ್ದೆ ಸರಿಯಾಗಿ ಬರ್ತದಾ?" ಎಂದರು.

ಪರೀಕ್ಷಕರ ವರದಿಯು ಎರಡೇ ಸಾಲಿನದು. ದಾಖಲೆಯ ಪುಸ್ತಕವು ಯಾವುದಕ್ಕೂ ಬಾರದು, ಹೊಸದಾಗಿ ಮೊದಲನೆಯ ವರ್ಷದಿಂದ ಆರಂಭಿಸತಕ್ಕದ್ದು. ಆದರೆ ಮೂಲೆಯಲ್ಲಿ ಕುಳಿತ ಮೂವರನ್ನು ಹುಡುಕಿ ತೆಗೆಯಲು ಈ ಚಿಕಿತ್ಸಾಲಯವಲ್ಲದೆ ಬೇರೆ ದಾರಿಯಿಲ್ಲ, ಆದ್ದರಿಂದ ಅದು ತೆರೆದಿರತಕ್ಕದ್ದು.

ಹನ್ನೆರಡು ವರ್ಷಗಳು ಮಣ್ಣುಗೂಡಿದ್ದಕ್ಕೆ ಕೇಶವಯ್ಯನವರು ಒಂದು ಹೊತ್ತು ಮಂಕಾಗಿದ್ದು, ಮರುದಿನವೇ ಆ ಮೂವರ ಮನೆಗಳಿಗೆ ತಾವೇ ನಡೆದುಹೋದರು. "ದೇಹೋನ್ನತಿ"ಯ ಲೇಖನದ ಎರಡೂ ಭಾಗಗಳನ್ನು ಪತ್ನಿ ಪದ್ಮಾವತಮ್ಮನವರು ಹುಣಿಸೆಹಣ್ಣಿನ ಜಾಡಿಗಳ ಬಾಯಿಗೆ ಕಟ್ಟಿದರು. ಎರಡು ಜಾಡಿಗೆ ಸರಿಯಾಗಿ ಸಾಕಾಯಿತು.

ಡಿಸೆಂಬರಿನ ಮೊದಲ ಶನಿವಾರ ಛತ್ರದ ಬಾಗಿಲಲ್ಲಿ ಒಬ್ಬಾತನು ನಿಂತು, "ಬೋರಪ್ಪ ಸಾಮಿ. ನಾನೇ ಬಂದಿವ್ನಿ. ಮುಯ್ಯಿ ತೀರಿಸೋಕೆ" ಎಂದನು. ಡಾಕ್ಟರು ಆತನ ಮುಖವನ್ನು ದಿಟ್ಟಿಸಿದರು, ಏನೂ ಹೊಳೆಯಲಿಲ್ಲ. ಆತನನ್ನು ಅಳತೆಗೋಲಿನ ಮುಂದೆ ನಿಲ್ಲಿಸಿದರು. ಐದಡಿ ಮೂರಂಗುಲ. ಅವರ ಕಣ್ಣು ತುಂಬಿ ಬಂದಿತು.

ಬೋರಪ್ಪನು ಕುಳಿತು ಒಂದೊಂದಾಗಿ ಉತ್ತರಿಸುತ್ತ ಬಂದನು. ನಲವತ್ತನೆಯ ಪ್ರಶ್ನೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಆತನು ಎದ್ದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡನು.

"ಇನ್ನೂ ನಲವತ್ತು ಇವೆಯಲ್ಲಪ್ಪ!"

"ನೀವು ಅರ್ಧಾಳು ಸಾಮಿ," ಎಂದನು ಬೋರಪ್ಪ, ನೋವಾಗದಂತೆ, ಮೆತ್ತಗೆ. "ಅರ್ಧಾಳಿಗೆ ಅರ್ಧ ದಿನ. ಉಳಿದಿದ್ದಕ್ಕೆ ಬೇಕಾದ್ರೆ ಈರಲಿಂಗನ್ನ ಕಳಿಸ್ಲಾ?"

ಡಾಕ್ಟರು ಹುಬ್ಬು ಅಲುಗಿಸದೆ, ಮುಂದಿನ ಕೊಯ್ಲು ಯಾವಾಗಲೆಂದು ಕೇಳಿ ಬರೆದುಕೊಂಡರು.